ಇನ್ನೊಬ್ಬನ ಚಿತ್ರ, ನನಗೆ ಶಾಲು

ಈ ಪ್ರವಾಸದ ಬಗ್ಗೆ ಬರೆದುಕೊಡಿ ಎಂದು ಕೇಳಿದವರಿಗೆ ಎರಡು ವರ್ಷದಿಂದ ಒಂದೊಂದು ನೆವ ಹೇಳುತ್ತ ಬಂದಿದ್ದೇನೆ. ಮೊದಲು, ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಎಂದೆ. ಪೊರೆ ತೆಗೆದರು. ಆಮೇಲೆ, ಚಳಿ ಕಳೆಯಲಿ ಎಂದೆ. ಉಡುಪಿಯಲ್ಲಿ ಎಂಥ ಚಳಿ ಎಂದು ಯಾರೂ ಕೇಳಲಿಲ್ಲ. ಎಪ್ಪತ್ತೈದು ದಾಟಿದವರ ಸುಳ್ಳನ್ನು ಜನ ಮರೆವು ಎಂದುಕೊಳ್ಳುತ್ತಾರೆ. ಆ ಸೌಲಭ್ಯವನ್ನು ನಾನು ಚೆನ್ನಾಗಿ ಬಳಸಿಕೊಂಡೆ.

ನಿಜ ಇಷ್ಟು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ವಾರಪತ್ರಿಕೆಯ ಬ್ಲಾಕ್ ವಿಭಾಗಕ್ಕೆ ಸೇರಿದವನು. ಕಲಾವಿದರು ಇಂಡಿಯನ್ ಇಂಕಿನಲ್ಲಿ ಬರೆದ ಚಿತ್ರವನ್ನು ಫೋಟೊ ತೆಗೆದು, ಸತುವಿನ ತಗಡಿನ ಮೇಲಿಳಿಸಿ, ಆಸಿಡ್‌ನಲ್ಲಿ ಕೊರೆಸಿ ಅಚ್ಚಿಗೆ ಸಿದ್ಧ ಮಾಡುವುದು ನನ್ನ ಕೆಲಸ. ಚಿತ್ರ ಬರೆಯಲು ನನಗೆ ಬರುವುದಿಲ್ಲ. ಒಂದು ಧಾರಾವಾಹಿಗೆ ಬೇರೊಬ್ಬ ಬರೆದ ಮೂವತ್ತೊಂಬತ್ತು ಚಿತ್ರಗಳಲ್ಲಿ ಅವನ ಸಹಿಯನ್ನು ಕೆರೆದು ತೆಗೆದು ನನ್ನ ಹೆಸರು ಕೊರೆದೆ. ಆತ ದುಬೈಗೆ ಹೋಗಿ ಅಂಗಡಿಗಳ ಬೋರ್ಡು ಬರೆದ. ನಾನು ಊರಿನಲ್ಲಿ ಕಲಾವಿದನಾದೆ.

ಮಗಳು ನನ್ನನ್ನು ಅಬುಧಾಬಿಗೆ ಕರೆಸಿಕೊಂಡಾಗ, ಹೇಗೂ ಹೋಗುತ್ತಿದ್ದೇನೆ, ಆತನ ಮುಂದೆ ಕೂತು ಕ್ಷಮೆ ಕೇಳಿ ಬರುತ್ತೇನೆ ಎಂದು ನಿಶ್ಚಯಿಸಿಕೊಂಡು ವಿಮಾನ ಹತ್ತಿದೆ. ಇಪ್ಪತ್ತೆಂಟು ದಿನ ಇದ್ದೆ. ಬರುವಾಗ ಎರಡು ಪೆಟ್ಟಿಗೆ ಖರ್ಜೂರ, ಒಂದು ಶಾಲು, ಒಂದು ಫಲಕ ತಂದೆ. ಕ್ಷಮೆ ಕೇಳಲಿಲ್ಲ.

ಆತನ ಹೆಸರನ್ನು ಇಲ್ಲೇ ಬರೆದುಬಿಡಬೇಕು. ಪೆನ್ನು ಅಲ್ಲಿಗೆ ಬಂದು ನಿಲ್ಲುತ್ತದೆ.

ಮೊಹಮ್ಮದ್ ಬಿನ್ ಜಾಯೆದ್ ಸಿಟಿ

ಮಗಳು ಸುಮಿತ್ರಾ, ಅಳಿಯ ಹರೀಶ ಇರುವುದು ಅಬುಧಾಬಿಯ ಈ ಬಡಾವಣೆಯಲ್ಲಿ. ಒಂದೇ ಬಣ್ಣದ ವಿಲ್ಲಾಗಳು, ಒಂದೇ ಎತ್ತರದ ಕಾಂಪೌಂಡುಗಳು. ರಸ್ತೆ ನಮ್ಮ ಶಾಲೆಯ ಮೈದಾನದಷ್ಟು ಅಗಲ. ಅದರ ಮೇಲೆ ಮನುಷ್ಯ ಮಾತ್ರ ಇಲ್ಲ. ಎರಡನೆಯ ದಿನ ಬೆಳಗ್ಗೆ ವಾಕಿಂಗ್ ಹೊರಟೆ. ಮೊದಲ ತಿರುವಿನಲ್ಲಿ ಒಬ್ಬ ಮಲಯಾಳಿ ಕಾರು ನಿಲ್ಲಿಸಿ ಎಲ್ಲಿಗೆ ಬಿಡಬೇಕು ಎಂದು ಕೇಳಿದ. ಎರಡನೆಯ ತಿರುವಿನಲ್ಲಿ ಒಬ್ಬ ಪಠಾಣ ಲಾರಿ ನಿಲ್ಲಿಸಿ ನೀರಿನ ಬಾಟಲಿ ಕೊಟ್ಟ. ನಮ್ಮಲ್ಲಿ ಕಾರಿನವನನ್ನು ಕಂಡು ನಡೆಯುವವರಿಗೆ ಹೊಟ್ಟೆಯುರಿ. ಇಲ್ಲಿ ನಡೆಯುವವನನ್ನು ಕಂಡರೆ ಕಾರಿನವರಿಗೆ ಕರುಳು ಚುರುಕ್ಕೆನ್ನುತ್ತದೆ.

ಮೂರನೆಯ ಕಾರಿನಿಂದ ಇಳಿದವರು ರತ್ನಾಕರ. ಕಾರ್ಕಳದ ಕಡೆಯವರು, ಅಲ್ಲಿನ ಕನ್ನಡ ಸಂಘವೊಂದರ ಕಾರ್ಯದರ್ಶಿ, ಹಿಂದಿನ ಸಂಜೆಯಷ್ಟೇ ಮಗಳ ಮನೆಗೆ ಬಂದು ನನ್ನನ್ನು ನೋಡಿ ಹೋಗಿದ್ದರು.

"ಎಂತ ವಾಮನಣ್ಣ, ಈ ಬಿಸಿಲಿಗೆ ನಡಕೊಂಡು! ಸುಮಿತ್ರಕ್ಕ ಬೈಯುದಿಲ್ವಾ? ಹತ್ತಿ ಹತ್ತಿ, ಯಲ್ಲಾ!"

ಅವರಿಗೆ ನನ್ನಿಂದ ಕೆಲಸ ಆಗಬೇಕಿತ್ತು. ಸಂಘದ ವಾರ್ಷಿಕೋತ್ಸವಕ್ಕೆ ಬರಬೇಕಿದ್ದ ಸಿನಿಮಾ ನಟನಿಗೆ ಶೂಟಿಂಗ್ ಬಂದುಬಿಟ್ಟಿತ್ತು. ಸಭಾಂಗಣ ಗೊತ್ತುಮಾಡಿಯಾಗಿತ್ತು, ಶಾಲು ಬಂದಿತ್ತು, ಮೈಸೂರು ಪೇಟ ಬಂದಿತ್ತು. ಒಂದು ತಲೆ, ಎರಡು ಭುಜ ಮಾತ್ರ ಬೇಕಾಗಿತ್ತು.

"ನೀವು ದೊಡ್ಡ ಆರ್ಟಿಸ್ಟ್ ಅಂತ ಸುಮಿತ್ರಕ್ಕ ಹೇಳಿದ್ರು. ಸನ್ಮಾನ ನಿಮಗೇ. ಖಲಾಸ್."

"ನಾನು ಅಂಥವನಲ್ಲ" ಎಂದೆ.

"ದೊಡ್ಡವರೆಲ್ಲ ಹಾಗೇ ಹೇಳುದು."

ನನ್ನ ಬಾಯಿಂದ ಅಪರೂಪಕ್ಕೆ ಹೊರಟ ನಿಜ, ವಿನಯದ ಲೆಕ್ಕಕ್ಕೆ ಹೋಯಿತು.

ಮಗಳ ಮನೆಯ ಹಾಲಿನಲ್ಲಿ ದೇವರ ಪಟಕ್ಕಿಂತ ದೊಡ್ಡ ಚೌಕಟ್ಟಿನಲ್ಲಿ ಆ ಧಾರಾವಾಹಿಯ ಒಂದು ಪುಟವಿದೆ. ದೋಣಿಯ ತುದಿಯಲ್ಲಿ ಬೆನ್ನು ಹಾಕಿ ಕೂತ ಹೆಂಗಸು. ಮುಖ ಕಾಣುವುದಿಲ್ಲ, ಅವಳು ಅಳುತ್ತಿದ್ದಾಳೆ ಎಂದು ಹೆಗಲು ನೋಡಿದರೆ ಗೊತ್ತಾಗುತ್ತದೆ. ಕೆಳಗೆ ನೀರಿನ ಕಪ್ಪಿನಲ್ಲಿ ಬಿಳಿ ಗೆರೆಯ ನನ್ನ ಹೆಸರು, ತಿರುಗುಮುರುಗಾಗಿ. ಮನೆಗೆ ಬಂದವರಿಗೆಲ್ಲ ಸುಮಿತ್ರಾ ಅದನ್ನು ತೋರಿಸುತ್ತಾಳೆ. "ನಮ್ಮಪ್ಪ ಬರೆದದ್ದು" ಎನ್ನುವಾಗ ಅವಳ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ನೀರು ಕುಡಿಯುತ್ತಿದ್ದೆ. ಆ ಇಪ್ಪತ್ತೆಂಟು ದಿನ ನಾನು ಬಹಳ ನೀರು ಕುಡಿದೆ.

ಮೊಮ್ಮಗಳು ದಿಯಾ ಆಗಷ್ಟೇ ಕನ್ನಡ ಅಕ್ಷರ ಕಲಿಯುತ್ತಿದ್ದಳು. ಚೌಕಟ್ಟಿನ ಮುಂದೆ ನಿಂತು ಕೇಳಿದಳು: "ಅಜ್ಜ, ವೈ ಈಸ್ ಯುವರ್ ನೇಮ್ ಬ್ಯಾಕ್‌ವರ್ಡ್ಸ್?"

"ಅದು ಅಜ್ಜನ ಸ್ಟೈಲ್" ಎಂದಳು ಸುಮಿತ್ರಾ.

ಸ್ಟೈಲ್ ಅಲ್ಲ, ಗಡಿಬಿಡಿ. ತಗಡಿನ ಮೇಲೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೊರೆದರೆ ಮಾತ್ರ ಕಾಗದದ ಮೇಲೆ ನೇರವಾಗಿ ಬರುತ್ತದೆ. ಎಂಟು ವರ್ಷ ಅದೇ ಕೆಲಸ ಮಾಡಿದ್ದ ನನಗೆ ತಿರುಗಿದ ಅಕ್ಷರವೇ ಹೆಚ್ಚು ಸಲೀಸು. ಆದರೆ ಕದಿಯುವಾಗ ಕೈಗೆ ಕಸುಬು ಮರೆತುಹೋಯಿತು. ಮೊದಲ ಚಿತ್ರದಲ್ಲಿ ಆತನ ಸಣ್ಣ ಸಹಿ ಆಸಿಡ್‌ಗೆ ಸಿಕ್ಕಿ ಮಸಿಯ ಬೊಟ್ಟಿನಂತಾಗಿತ್ತು. ಸಂಪಾದಕರು ತೆಗೆಯಲು ಹೇಳಿದರು, ತೆಗೆದೆ. ಅಲ್ಲಿಯವರೆಗೆ ನನ್ನ ತಪ್ಪಿಲ್ಲ. ಮುಂದಿನ ವಾರ ಮೂಲೆಯ ಕಪ್ಪು ಜಾಗ ಕಂಡು ಕೈ ತುರಿಸಿತು. ಯಾರಾದರೂ ಬಂದಾರು ಎಂದು ಬಾಗಿಲ ಕಡೆ ನೋಡುತ್ತ 'ವಾಮನ' ಎಂದು ನೇರವಾಗಿ ಕೊರೆದೆ. ಅಚ್ಚಿನಲ್ಲಿ ತಿರುಗಿ ಬಂತು. ಕೆಲಸ ಹೋಯಿತು ಎಂದುಕೊಂಡೆ. ಸಂಪಾದಕರು, "ಬ್ಲಾಕ್ ಮಾಡಿದವನ ಹೆಸರು ತಾನೆ, ಇರಲಿ ಬಿಡು" ಎಂದು ನಶ್ಯ ಏರಿಸಿದರು. ಅದೇ ವಾರ ಓದುಗರೊಬ್ಬರ ಪತ್ರ ಬಂತು: ಚಿತ್ರಕಾರ ವಾಮನರು ಸಹಿಯಲ್ಲೂ ಹೊಸತನ ಮೆರೆದಿದ್ದಾರಂತೆ. ಆಮೇಲೆ ಮೂವತ್ತೆಂಟು ವಾರ ಅದೇ ತಪ್ಪನ್ನು ಬಹಳ ಶ್ರದ್ಧೆಯಿಂದ ಮಾಡಿದೆ.

ಅಬುಧಾಬಿ, ಒಂಟೆಯ ಮುಂದೆ

"ಭಾಷಣಕ್ಕೆ ಒಂದು ಇಂಟರ್‌ನ್ಯಾಷನಲ್ ಟಚ್ ಬೇಕು ವಾಮನಣ್ಣ" ಎಂದು ರತ್ನಾಕರ ನನ್ನನ್ನೂ ಸುಮಿತ್ರಾ, ದಿಯಾರನ್ನೂ ಒಂದು ಪ್ರದರ್ಶನಕ್ಕೆ ಕರೆದುಕೊಂಡು ಹೋದರು. ಅಮೆರಿಕದ ಒಬ್ಬ ಪತ್ರಿಕಾ ಚಿತ್ರಕಾರನ ಪ್ರದರ್ಶನ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಅಲ್ಲಿನ ವಾರಪತ್ರಿಕೆಗಳಿಗೆ ಚಿತ್ರ ಬರೆದವನು. ಹೆಸರು ಮೂರು ತುಂಡು. ಮಗಳು ಓದಿದಳು, ನನ್ನ ನಾಲಗೆಗೆ ಹತ್ತಲಿಲ್ಲ. ಮನಸ್ಸಿನಲ್ಲೇ ಅಮೆರಿಕದಣ್ಣ ಎಂದು ಕರೆದುಕೊಂಡೆ.

ಆ ಕಟ್ಟಡದೊಳಗಿನ ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಹೊರಗೆ ಮರಳು ಕಾಯುತ್ತಿದ್ದರೆ ಒಳಗೆ ಚಿತ್ರಗಳನ್ನು ಮೀನಿನ ಹಾಗೆ ಕಾಪಾಡುತ್ತಾರೆ. ವಿವರಿಸಲು ಒಬ್ಬ ಹುಡುಗಿ ಇದ್ದಳು. ಅವಳ ಇಂಗ್ಲಿಷನ್ನು ಸುಮಿತ್ರಾ ನನಗೆ ಕನ್ನಡ ಮಾಡಿ ಹೇಳುತ್ತಿದ್ದಳು.

ಅಮೆರಿಕದಣ್ಣ ಚರ್ಮ ಹದ ಮಾಡುವವನ ಮಗ. ಓದು ನನ್ನಷ್ಟೂ ಇಲ್ಲ. ಎಳೆಯದರಲ್ಲೇ ಮರ ಕೆತ್ತುವವರ ಅಂಗಡಿಯಲ್ಲಿ ದುಡಿಯಲು ಸೇರಿ, ಚಿತ್ರ ಬರೆಯುವುದನ್ನು ಕದ್ದು ಕಲಿತ. ಅವರ ದೇಶದವರೇ ಇಬ್ಭಾಗವಾಗಿ ಹೊಡೆದಾಡಿಕೊಂಡ ಯುದ್ಧಕ್ಕೆ ಪತ್ರಿಕೆ ಇವನನ್ನು ಕಳಿಸಿತು. ಗುಂಡು ಹಾರುವಲ್ಲಿ ಕೂತು ಪೆನ್ಸಿಲಿನಲ್ಲಿ ಗೀಚಿ ಊರಿಗೆ ಕಳಿಸುತ್ತಿದ್ದ. ಅಲ್ಲಿ ಅದನ್ನು ಗಟ್ಟಿ ಮರದ ಹಲಗೆಯ ಮೇಲೆ ತಿರುಗಿಸಿ ಬರೆದು, ಹಲಗೆಯನ್ನು ತುಂಡು ತುಂಡಾಗಿ ಬಿಚ್ಚಿ ಹಲವರಿಗೆ ಹಂಚುತ್ತಿದ್ದರು. ಒಬ್ಬ ಆಕಾಶ ಮಾತ್ರ ಕೆತ್ತುವವನು, ಒಬ್ಬ ಕುದುರೆ, ಒಬ್ಬ ಸತ್ತವರು. ಆಮೇಲೆ ತುಂಡುಗಳನ್ನು ಬೋಲ್ಟ್ ಹಾಕಿ ಬಿಗಿದರೆ ಯುದ್ಧ ಸಿದ್ಧ. ಕಡೆಗೆ ಫೋಟೊ ಅಚ್ಚು ಹಾಕುವ ವಿದ್ಯೆ ಬಂತು. ಅಮೆರಿಕದಣ್ಣ ಔಷಧದ ಬಾಟಲಿಗಳಿಗೆ ಚೀಟಿ ಬರೆಯುತ್ತ ತೀರಿಹೋದ.

ಯುದ್ಧ ಮುಗಿದ ಮೇಲೆ ಪತ್ರಿಕೆ ಅವನಿಂದ ಅರಬರ ನಾಡನ್ನೂ ಬರೆಸಿತ್ತು. ಅವನು ತನ್ನ ಕೋಣೆ ಬಿಟ್ಟು ಹೋಗಿರಲಿಲ್ಲ. ಆ ಚಿತ್ರದ ಮುಂದೆ ಕಂದೂರ ಎಂಬ ಬಿಳಿ ನಿಲುವಂಗಿ ತೊಟ್ಟ ಒಬ್ಬ ಮುದುಕರು ಕೋಲೂರಿ ನಿಂತಿದ್ದರು, ಈ ದೇಶದವರೇ. ಹಳಬರಲ್ಲಿ ಹಲವರಿಗೆ ಬೊಂಬಾಯಿಯ ವ್ಯಾಪಾರದಿಂದ ಹಿಂದಿ ಬರುತ್ತದೆ. ನನ್ನ ಕಡೆ ತಿರುಗಿ, "ಯೇ ಊಂಟ್ ಹೈ?" ಎಂದರು. ಇದು ಒಂಟೆಯೇ?

ನೋಡಿದೆ. ಡುಬ್ಬ ಕತ್ತಿನ ಬುಡದಲ್ಲಿತ್ತು.

"ಹಮಾರಾ ಬೈಲ್ ಐಸಾ ಹೈ" ಎಂದೆ. ನಮ್ಮ ಎತ್ತು ಹೀಗಿರುತ್ತದೆ.

ಮುದುಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ವಿವರಿಸುವ ಹುಡುಗಿ ಮಾತ್ರ, ಅದು ಪೂರ್ವ ದೇಶಗಳ ಬಗ್ಗೆ ಪಶ್ಚಿಮದ ಕಲ್ಪನೆ ಎಂದು ಐದು ನಿಮಿಷ ಹೇಳಿದಳು. ಒಂಟೆ ನೋಡದೆ ಬರೆದ ಎನ್ನುವುದಕ್ಕೆ ಅಷ್ಟು ಹೊತ್ತು ಬೇಕಾಯಿತು.

ಕೊನೆಯ ಗೋಡೆಯಲ್ಲಿ ಎರಡು ಚಿತ್ರ ಅಕ್ಕಪಕ್ಕ ಇದ್ದವು. ಒಂದು ಅಮೆರಿಕದಣ್ಣನ ಪೆನ್ಸಿಲ್ ಚಿತ್ರ, ಕೆಳಗೆ ಅವನ ಸಹಿ. ಇನ್ನೊಂದು ಅದೇ ಚಿತ್ರ, ಪತ್ರಿಕೆಯಲ್ಲಿ ಅಚ್ಚಾದದ್ದು. ಕೆಳಗಿನ ಕಪ್ಪಿನಲ್ಲಿ ಬೇರೊಬ್ಬನ ಹೆಸರು. ಬಿಳಿ ಗೆರೆ. ತಿರುಗುಮುರುಗು.

ಮುಂದೆ ಬಾಗಿ ಇನ್ನೊಮ್ಮೆ ನೋಡಿದೆ.

ಅದು ಕೆತ್ತಿದವನ ಹೆಸರಂತೆ. ಚಿತ್ರ ಬರೆದವನೂ ಅವನೇ ಎಂದು ಜನ ಬಹಳ ಕಾಲ ನಂಬಿದ್ದರಂತೆ. ಅಮೆರಿಕದಣ್ಣನ ಮನೆಯವರ ಪೆಟ್ಟಿಗೆಯಲ್ಲಿ ಪೆನ್ಸಿಲ್ ಚಿತ್ರ ಸಿಕ್ಕ ಮೇಲೆ ವಿಷಯ ಗೊತ್ತಾಯಿತಂತೆ. ಹೆಸರು ಯಾಕೆ ತಿರುಗಿದೆ ಎಂದು ದಿಯಾ ಕೇಳಿದಳು. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ ಎಂದಳು ಆ ಹುಡುಗಿ. ಭೂಮಿಯ ಮೇಲೆ ಅದಕ್ಕೆ ಸರಿಯಾದ ಉತ್ತರ ಗೊತ್ತಿದ್ದವನು ಅವಳಿಂದ ಎರಡು ಅಡಿ ದೂರದಲ್ಲಿ ನಿಂತಿದ್ದ. ಆ ಕೆತ್ತಿದವನೂ ಬಾಗಿಲ ಕಡೆ ನೋಡುತ್ತ ಕೊರೆದಿದ್ದ.

ಸುಮಿತ್ರಾ ನನ್ನ ತೋಳು ಹಿಡಿದು ಕುಣಿದಾಡಿದಳು. "ಅಪ್ಪ, ನಿಮ್ಮ ಸಹಿ ಹಾಗೇ ಉಂಟಲ್ಲ! ಅಮೆರಿಕದವರ ಲೆವೆಲ್ ನೀವು!" ನನ್ನನ್ನು ಆ ಕಳ್ಳನ ಹೆಸರಿನ ಪಕ್ಕ ನಿಲ್ಲಿಸಿ ಫೋಟೊ ತೆಗೆದಳು. ಅವಳ ಫೋನಿನಲ್ಲಿ ಈಗಲೂ ಇದೆ. ಇಬ್ಬರೂ ಚೆನ್ನಾಗಿ ಬಂದಿದ್ದೇವೆ.

ಬರ್ ದುಬೈ

ನಾನು ಸಹಿ ಕೆರೆದ ಚಿತ್ರಕಾರನ ಮಗನ ಬೋರ್ಡಿನ ಅಂಗಡಿ ದುಬೈಯ ಅಲ್ ಮುರಕ್ಕಬಾತ್‌ನಲ್ಲಿದೆ ಎಂದು ಊರಿನಲ್ಲಿ ಪತ್ರಿಕೆಗೆ ಅಕ್ಷರದ ಮೊಳೆ ಜೋಡಿಸುತ್ತಿದ್ದ ಹಳೆಯ ಕಂಪಾಸಿಟರ್ ಒಬ್ಬರು ವಿಳಾಸ ಬರೆದುಕೊಟ್ಟಿದ್ದರು. ಒಬ್ಬನೇ ಹೋಗಬೇಕೆಂದು ಬಸ್ಸಿಗೆ ಹೊರಟೆ. ರಸ್ತೆಯ ಬದಿ ಗಾಜಿನ ಕೋಣೆ, ಒಳಗೆ ಎಸಿ, ನಾಲ್ಕು ಜನ. ಯಾವುದೋ ಆಫೀಸು ಎಂದುಕೊಂಡು ಎಲ್ಲರಿಗೂ ನಮಸ್ಕಾರ ಮಾಡಿ ಕೂತೆ. ನನ್ನ ಸರದಿ ಬರಲಿ ಎಂದು ಕಾಯುತ್ತಿದ್ದಾಗ ಮೂರು ಬಸ್ಸು ಹೋದವು. ಅದೇ ಬಸ್ ಸ್ಟಾಪು. ಸುದ್ದಿ ತಿಳಿದ ರತ್ನಾಕರ ಕಾರು ತಂದರು. "ನಾನಿಲ್ವಾ ಮಾರಾಯ್ರೆ? ಒಬ್ಬರೇ ಯಾಕೆ?" ಎಂದರು. ಯಾಕೆಂದು ಹೇಳುವಂತಿರಲಿಲ್ಲ. ಹಳೆಯ ಸ್ನೇಹಿತ ಎಂದೆ.

ಮೊದಲು ಬರ್ ದುಬೈಯ ಗುಡಿ ಓಣಿಗೆ ಕರೆದೊಯ್ದರು. ಬಟ್ಟೆ ಅಂಗಡಿಗಳ ನಡುವೆ ಮಲ್ಲಿಗೆಯ ದಂಡೆ ಮಾರುತ್ತಿದ್ದರು. ಆಮೇಲೆ ಅಬ್ರಾ ಎಂಬ ದೋಣಿಯಲ್ಲಿ ಖಾಡಿ ದಾಟಿಸಿ ಮತ್ತೆ ಕಾರಿದ್ದ ದಡಕ್ಕೆ ಕರೆತಂದರು. ಊರಿನಿಂದ ಬಂದವರಿಗೆಲ್ಲ ಅದು ಕಡ್ಡಾಯವಂತೆ. ರತ್ನಾಕರ ವಿಡಿಯೊ ಮಾಡುತ್ತಿದ್ದರು. ನಾನು ನೀರು ನೋಡುತ್ತ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದೆ.

ಹೆಸರು ಕದ್ದದ್ದಷ್ಟೇ ಆಗಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಧಾರಾವಾಹಿ ಮುಗಿದ ವರ್ಷ ಆತ ಒಂದು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ಕೆಲಸಕ್ಕೆ ಅರ್ಜಿ ಹಾಕಿದ್ದ. ಸಂದರ್ಶನಕ್ಕೆ ಪತ್ರಿಕೆಗಳ ಕಟ್ಟು ಕೊಂಡುಹೋದ. ಇದರಲ್ಲಿ ವಾಮನ ಎಂದಿದೆಯಲ್ಲ, ಬೇರೆಯವರ ಚಿತ್ರ ತೋರಿಸಲು ನಾಚಿಕೆ ಇಲ್ಲವೆ ಎಂದು ಕೇಳಿದರಂತೆ. ಚಿತ್ರ ತನ್ನದೆಂದು ಪತ್ರಿಕೆಯಿಂದ ಒಂದು ಚೀಟಿ ತಂದರೆ ನೋಡುವ ಎಂದರಂತೆ. ಅಷ್ಟರಲ್ಲಿ ಆ ಸಂಪಾದಕರು ತೀರಿಹೋಗಿದ್ದರು. ಹೊಸಬರಿಗೆ ಏನೂ ಗೊತ್ತಿಲ್ಲ. ಚೀಟಿ ಬರೆಯಬಹುದಾಗಿದ್ದವನು ನಾನೊಬ್ಬನೇ. ಆತ ಮೂರು ಸಲ ಬಂದ. ಮೂರು ಸಲವೂ ನಾನು ಡಾರ್ಕ್‌ರೂಮಿನೊಳಗೆ ಸೇರಿ ಬಾಗಿಲ ಮೇಲಿನ ಕೆಂಪು ದೀಪ ಹಾಕಿಕೊಂಡೆ. ಕೆಂಪು ದೀಪ ಉರಿಯುವಾಗ ಯಾರೂ ಬಾಗಿಲು ತಟ್ಟುವಂತಿಲ್ಲ. ಬೆಳಕು ಬಿದ್ದರೆ ಫಿಲ್ಮ್ ಹಾಳು. ಒಳಗೆ ಫಿಲ್ಮ್ ಇರಲಿಲ್ಲ.

ಅಲ್ ಮುರಕ್ಕಬಾತ್

ಎರಡು ಹೋಟೆಲುಗಳ ನಡುವೆ ಇಕ್ಕಟ್ಟಾದ ಅಂಗಡಿ. ಮಗ ಅಶ್ರಫ್ ಕಂಪ್ಯೂಟರಿನ ಮುಂದೆ. ಒಂದು ಯಂತ್ರ ಪ್ಲಾಸ್ಟಿಕ್ ಹಾಳೆಯಿಂದ ಅರಬ್ಬಿ ಅಕ್ಷರ ಕತ್ತರಿಸುತ್ತಿತ್ತು. ಮೂಲೆಯಲ್ಲಿ ಬಿಳಿ ಟೊಪ್ಪಿಯ ಮುದುಕ, ಉಳಿಕೆ ಹಾಳೆಯ ಹಿಂದೆ ಪೆನ್ಸಿಲಿನಿಂದ ಏನೋ ಬರೆಯುತ್ತಿದ್ದ. ತಲೆ ಎತ್ತಿದ.

"ವಾಮನಣ್ಣ ಅಲ್ವಾ?" ಎಂದ. ಸುಮಾರು ಐವತ್ತು ವರ್ಷದ ಮೇಲೆ, ಒಂದೇ ನೋಟಕ್ಕೆ. "ಬನ್ನಿ, ಕೂತ್ಕೊಳ್ಳಿ. ಅಶ್ರಫ್, ಸುಲೈಮಾನಿ ಹೇಳು."

ಹಾಲಿಲ್ಲದ ಚಹಾ ಬಂತು. ನಾನು ಬಾಯಿ ತೆರೆಯುವ ಮೊದಲೇ ರತ್ನಾಕರ ತೆರೆದರು.

"ಸಾಹೇಬ್ರೇ, ಇವರು ಎಂಥ ಆರ್ಟಿಸ್ಟ್ ಗೊತ್ತುಂಟಾ ನಿಮಗೆ?"

"ಗೊತ್ತುಂಟು. ಒಂದೇ ಪತ್ರಿಕೆಯಲ್ಲಿ ಇದ್ದವರು ನಾವು."

"ಹೌದಾ! ನಿಮ್ಮದು ಎಂತ ಕೆಲಸ ಇತ್ತು ಅಲ್ಲಿ?"

ಆತ ನನ್ನನ್ನು ನೋಡಿದ. ನಾನು ಉತ್ತರ ಕೊಡಲಿ ಎಂದು ಕಾದ. ಅದು ನನಗೆ ಚೆನ್ನಾಗಿ ಗೊತ್ತಾಯಿತು. ದೋಣಿಯಲ್ಲಿ ಬಾಯಿಪಾಠ ಮಾಡಿದ್ದನ್ನು ಬಿಟ್ಟು ಲೋಟ ಎತ್ತಿಕೊಂಡೆ.

"ಚಾ ಒಳ್ಳೆದುಂಟು" ಎಂದೆ.

"ಸಣ್ಣಪುಟ್ಟ ಕೆಲಸ" ಎಂದ ಆತ, ರತ್ನಾಕರರಿಗೆ.

ರತ್ನಾಕರರ ತಲೆಯಲ್ಲಿ ಆಗ ದೀಪ ಹತ್ತಿತು. ಸನ್ಮಾನದ ಫಲಕ ಇನ್ನೂ ಆಗಿರಲಿಲ್ಲ. "ಇಲ್ಲೇ ಮಾಡಿಸುವ! ಊರಿನವರದ್ದೇ ಅಂಗಡಿ! ಬರೆಯಿರಿ: ಖ್ಯಾತ ಚಿತ್ರಕಲಾವಿದ ಶ್ರೀ ವಾಮನ ಅವರಿಗೆ ಪ್ರೀತಿಪೂರ್ವಕ..."

ಅಶ್ರಫ್ ಕಂಪ್ಯೂಟರಿನಲ್ಲಿ ಕನ್ನಡ ಹುಡುಕಿದ. ಒತ್ತಕ್ಷರಗಳ ಜಾಗದಲ್ಲಿ ಚೌಕಗಳು ಬಂದವು.

"ಉಪ್ಪ, ಕನ್ನಡ ಮಾಫಿ" ಎಂದ ಅವನು ತಂದೆಗೆ, ನಗುತ್ತ. ಅರಬ್ಬಿಯಲ್ಲಿ ಮಾಫಿ ಎಂದರೆ ಇಲ್ಲ.

"ಬಿಡು, ನಾನು ಬರೀತೇನೆ" ಎಂದು ಮುದುಕ ಬ್ರಶ್ ತೆಗೆದ.

ಬೇಡ ಎನ್ನಬೇಕಿತ್ತು. ನಾನು ಎನ್ನಲಿಲ್ಲ. 'ಖ್ಯಾತ' ಎಂಬುದಕ್ಕೆ ಆತ ಕೊಟ್ಟ ತಿರುವು ಈಗಲೂ ಕಣ್ಣ ಮುಂದಿದೆ. 'ಚಿತ್ರಕಲಾವಿದ' ಎಂದು ಬರೆಯುವಾಗ ಕೈ ಎಲ್ಲೂ ಅಲುಗಲಿಲ್ಲ. ರತ್ನಾಕರ ಫೋನ್ ಹಿಡಿದು ಸುತ್ತ ತಿರುಗುತ್ತ ವೀಕ್ಷಕರಿಗೆ ಹೇಳುತ್ತಿದ್ದರು: "ನೋಡಿ, ದುಬೈಯಲ್ಲಿ ವಾಮನಣ್ಣನ ಹಳೆಯ ಅಭಿಮಾನಿ ಒಬ್ಬರು ಸಿಕ್ಕಿದ್ದಾರೆ! ಸಾಹೇಬ್ರೇ, ಇವರ ಚಿತ್ರಗಳ ಬಗ್ಗೆ ಎರಡು ಮಾತು?"

ಆತ ಬ್ರಶ್ ಒರೆಸಿಕೊಂಡ. "ಚಿತ್ರ ಅಡ್ಡಿಯಿಲ್ಲ. ಬ್ಲಾಕ್ ತುಂಬ ಚಂದ ಇತ್ತು" ಎಂದ.

ಪಾರ್ಕಿಂಗ್ ಸಮಯ ಮುಗಿಯಿತೆಂದು ರತ್ನಾಕರ ಕಾರಿನ ಕಡೆ ಓಡಿದರು. ಅಶ್ರಫ್ ಫಲಕವನ್ನು ಒಣಗಿಸಲು ಒಳಗೆ ಒಯ್ದ. ನಾವಿಬ್ಬರೇ ಉಳಿದೆವು. ಇದಕ್ಕೇ ನಾನು ಸಮುದ್ರ ದಾಟಿ ಬಂದದ್ದು.

ಆತನೇ ಮಾತು ತೆಗೆದ. "ಮೂರು ಸಲವೂ ನೀವು ಒಳಗೆ ಇದ್ರಿ ಅಂತ ನನಗೆ ಗೊತ್ತಿತ್ತು ವಾಮನಣ್ಣ. ಧೂಳು ಆಗ್ತದೆ ಅಂತ ಡಾರ್ಕ್‌ರೂಮಿನ ಹೊರಗೆ ಚಪ್ಪಲಿ ಬಿಡುದಲ್ವಾ ನೀವು? ನಿಮ್ಮ ಚಪ್ಪಲಿ ಅಲ್ಲೇ ಇತ್ತು. ಒಂದು ಸಲ ಅದರ ಪಕ್ಕದಲ್ಲೇ ಕೂತೆ, ಸಂಜೆವರೆಗೆ. ಕೊನೆಯ ಬಸ್ಸು ಹೋಗ್ತದೆ ಅಂತ ಎದ್ದೆ."

ನಾನು "ಹೌದು" ಎಂದೆ. ಅಷ್ಟೇ. ಹೌದು.

"ಮಾಸ್ತರ ಆಗ್ಬೇಕು ಅಂತ ಆಸೆ ಇತ್ತು. ಮಕ್ಕಳಿಗೆ ಕೈ ಹಿಡಿದು ಕಲಿಸ್ಲಿಕ್ಕೆ." ಬ್ರಶ್ಶನ್ನು ಡಬ್ಬಿಯಲ್ಲಿಟ್ಟ. "ಇನ್ನೊಂದು ಚಾ?"

ಹೊರಗೆ ಹಾರ್ನ್ ಆಯಿತು. ಕಾಯುತ್ತಿದ್ದಾರೆ ಎಂದು ನಾನು ಎದ್ದೆ. ಕೇಳಿದ್ದರೆ ರತ್ನಾಕರ ಇನ್ನೂ ಹತ್ತು ನಿಮಿಷ ಕಾಯುತ್ತಿದ್ದರು. ಅವರು ಒಳ್ಳೆಯ ಮನುಷ್ಯ.

ಸನ್ಮಾನ

ಗಣ್ಯರು ಇಪ್ಪತ್ತಮೂರು ಮಂದಿ, ಕುರ್ಚಿ ಹದಿನೆಂಟು. ಪ್ರತಿಯೊಬ್ಬರಿಗೂ ಹೂಗುಚ್ಛ ಕೊಡುವಷ್ಟರಲ್ಲಿ ಮುಂದಿನ ಸಾಲಿನ ಮಕ್ಕಳು ನಿದ್ದೆ ಹೋದವು. ನಿರೂಪಕಿ ನನ್ನನ್ನು ಕರಾವಳಿಯ ರೇಖೆಗಳ ರಾಜ ಎಂದಳು. ಶಾಲು ಹೊದಿಸಿದರು, ಪೇಟ ಇಟ್ಟರು. ಪೇಟ ನಟನ ಅಳತೆಯದು, ಹುಬ್ಬಿನವರೆಗೆ ಇಳಿಯಿತು. ಫಲಕ ಕೈಗೆ ಬಂತು. ಆ ಅಕ್ಷರಗಳನ್ನು ನೋಡಿ ಒಬ್ಬರು, "ಇದೂ ನೀವೇ ಬರೆದದ್ದಾ ಸರ್?" ಎಂದು ಕೇಳಿದರು.

ಮೈಕ್ ಮುಂದೆ ನಿಂತಾಗ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡೆ. ಎರಡನೆಯ ಸಾಲಿನಲ್ಲಿ ಸುಮಿತ್ರಾ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಅವಳ ಮುಖ ನೋಡಿದೆ. ಅಮೆರಿಕದಣ್ಣನ ಕತೆ ಹೇಳತೊಡಗಿದೆ. ಅವನ ಬಡತನ, ಯುದ್ಧ, ಎತ್ತಿನಂಥ ಒಂಟೆ, ಜನ ನಕ್ಕರು. ಆಮೇಲೆ ಅವನ ಹೆಸರು ಕದ್ದ ಕೆತ್ತನೆಗಾರನಿಗೆ ಬಂದೆ. ಅವನನ್ನು ಹತ್ತು ನಿಮಿಷ ಬೈದೆ. ಹೇಡಿ ಎಂದೆ. ಇನ್ನೊಬ್ಬನ ಅನ್ನ ಕಿತ್ತುಕೊಂಡವನು ಎಂದೆ. ನನ್ನ ಸ್ವರ ಒಡೆಯಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸತ್ತ ಅಮೆರಿಕದವನ ಹೆಸರಿನಲ್ಲಿ ತಪ್ಪೊಪ್ಪಿಕೊಂಡು ಶಾಲು ಹೊದ್ದು ಇಳಿದವನು ನಾನೊಬ್ಬನೇ ಇರಬೇಕು.

ಕಾರಿನಲ್ಲಿ ಮಗಳು ಕೇಳಿದಳು. "ಅಪ್ಪ, ಆ ಕೆತ್ತಿದವನ ಮೇಲೆ ನಿಮಗೆ ಯಾಕೆ ಅಷ್ಟು ಸಿಟ್ಟು?"

"ಗುರುತಿನವನು" ಎಂದೆ.

ಅವಳು ನಕ್ಕಳು.

ಈಗ ರತ್ನಾಕರರ ಫೋನ್ ಬಂದಿದೆ. ಸಂಘದಿಂದ ಆ ಮೂವತ್ತೊಂಬತ್ತು ಚಿತ್ರಗಳನ್ನು ಪುಸ್ತಕ ಮಾಡುತ್ತಾರಂತೆ. ಖರ್ಚು ಹರೀಶನದು, ಓಡಾಟ ಸುಮಿತ್ರಾಳದು. ಮುಖಪುಟದಲ್ಲಿ ನನ್ನ ಹೆಸರು ಹಾಕಲು ಅನುಮತಿ ಬೇಕು, ಜೊತೆಗೆ ಈ ಪ್ರವಾಸದ ಬಗ್ಗೆ ನಾಲ್ಕು ಪುಟ ಬೇಕು ಎಂದರು. ಪುಟಗಳು ಇವೇ. ಇದು ಕ್ಷಮೆ ಕೇಳಿದ ಹಾಗಲ್ಲ ಎಂದು ನನಗೆ ಗೊತ್ತು. ಕೇಳಬೇಕಾದವನ ಎದುರು ಚಹಾ ಹೊಗಳಿ ಬಂದು ಊರಿಗೆಲ್ಲ ಹೇಳುತ್ತಿದ್ದೇನೆ. ಸುಮಿ, ಇದನ್ನು ನೀನೇ ಮೊದಲು ಓದುತ್ತೀ. ಓದಿದ ಮೇಲೆ ಫೋನ್ ಮಾಡಬೇಕೆನಿಸದಿದ್ದರೆ ಮಾಡಬೇಡ. ಆದರೆ ಪುಸ್ತಕ ನಿಲ್ಲಿಸಬೇಡ. ಚಿತ್ರಗಳು ಚೆನ್ನಾಗಿವೆ. ಮುಖಪುಟದಲ್ಲಿ ಹಾಕಬೇಕಾದ ಹೆಸರು ಪಿ. ಮಯ್ಯದ್ದಿ.